ತೊಳೆದ ಬ್ಲಾಕ್ ಬೇಡ, ಯಾರೂ ಮುಟ್ಟದ ಬ್ಲಾಕ್ ತನ್ನಿ

ಪ್ರಶ್ನೆ: ಸರ್, ನನ್ನ ಹತ್ತಿರ 2003ರ ಮಾರುತಿ ಎಸ್ಟೀಮ್ ಇದೆ, 16 ವಾಲ್ವ್ ಎಂಜಿನ್. ಆಟೋಕ್ರಾಸ್ ಕಾರ್ ಸ್ಪರ್ಧೆಗೆ ಅಂತ ರೆಡಿ ಮಾಡುತ್ತಿದ್ದೆ. ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್‌ನ (ಸಿಲಿಂಡರ್‌ಗಳಿರುವ ಎಂಜಿನ್‌ನ ಮೈ) ಪಕ್ಕೆ ತೂತಾಯಿತು. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಎರಡು ಕಡೆ ನೋಡಿ ಬಂದಿದ್ದೇನೆ. ಒಂದು ಖಾಲಿ ಬ್ಲಾಕ್. ಚೆನ್ನಾಗಿ ತೊಳೆದು ಸಿಲ್ವರ್ ಪೇಂಟ್ ಹೊಡೆದಿದ್ದಾರೆ. "ಹೊಸದಾಗಿ ಬೋರ್ ಆಗಿದೆ, ಪಿಸ್ಟನ್ ಹಾಕಿ ಓಡಿಸೋದಷ್ಟೇ" ಅನ್ನುತ್ತಾರೆ. ಇನ್ನೊಂದು, ಆಕ್ಸಿಡೆಂಟ್ ಆದ ಕಾರಿನಿಂದ ಬಿಚ್ಚಿದ ಇಡೀ ಎಂಜಿನ್. ಎಣ್ಣೆ, ಧೂಳು ಮೆತ್ತಿಕೊಂಡಿದೆ, ರೇಟು ಮೊದಲನೆಯದರ ಎರಡರಷ್ಟು. ಬೋರ್ 75 ಮಿ.ಮೀ. ಮಾಡಿಸು ಅಂತ ಒಬ್ಬ ಗೆಳೆಯ, ಹಳೆ ಬಲೆನೊ ಸೆಡಾನ್‌ನ 1.6 ಬ್ಲಾಕ್ ತಗೋ ಅಂತ ಇನ್ನೊಬ್ಬ. ಏನು ಮಾಡಲಿ?
ಹಾಸನದ ಓದುಗರು

ಉತ್ತರ: ಎರಡನೆಯದನ್ನೇ ತನ್ನಿ. ಆದರೆ ಪೂರ್ತಿ ದುಡ್ಡು ಕೊಡುವ ಮೊದಲು ಅಳತೆ ಮಾಡಿಸಿ. ಬೋರ್ 75 ಮಾಡಿಸುವುದು ಬೇಡ. ಬಲೆನೊ ಬ್ಲಾಕ್ ನಿಮ್ಮ ಕೆಲಸಕ್ಕೆ ಹೊಂದುವುದಿಲ್ಲ.

ಮೊದಲು ಕಾರಣ ಹೇಳುತ್ತೇನೆ. ಬ್ಲಾಕ್ ಮೇಲೆ ಲೇತ್ ಶಾಪಿನಲ್ಲಿ ಮಾಡುವ ಕೆಲಸವೆಲ್ಲ ಲೋಹ ತೆಗೆಯುವ ಕೆಲಸ. ಬೋರಿಂಗ್ (ಸಿಲಿಂಡರ್ ಅಗಲ ಮಾಡುವುದು) ಆಗಲಿ, ಹೋನಿಂಗ್ (ಅದರ ಗೋಡೆ ಉಜ್ಜಿ ಹದ ಮಾಡುವುದು) ಆಗಲಿ, ಫೇಸಿಂಗ್ (ಮೇಲ್ಮೈ ಸಮ ಮಾಡುವುದು) ಆಗಲಿ, ಒಮ್ಮೆ ತೆಗೆದದ್ದು ಮತ್ತೆ ಬರುವುದಿಲ್ಲ. ಹಾಗಾಗಿ ಹಳೆ ಬ್ಲಾಕ್ ಕೊಳ್ಳುವಾಗ ನೀವು ನಿಜವಾಗಿ ಕೊಳ್ಳುತ್ತಿರುವುದು ಅದರಲ್ಲಿ ಇನ್ನೂ ಉಳಿದಿರುವ ಲೋಹವನ್ನು. ನಿಮ್ಮ ಎಂಜಿನ್‌ನ ಬೋರ್, ಅಂದರೆ ಸಿಲಿಂಡರ್‌ನ ಅಡ್ಡಳತೆ, 74 ಮಿ.ಮೀ.; ಸ್ಟ್ರೋಕ್, ಅಂದರೆ ಪಿಸ್ಟನ್ ಏರಿಳಿಯುವ ದೂರ, 75.5 ಮಿ.ಮೀ. ಕಂಪನಿಯ ಓವರ್‌ಸೈಜ್ ಪಿಸ್ಟನ್ ಎರಡೇ ಅಳತೆಯಲ್ಲಿ ಬರುತ್ತದೆ: 0.25 ಮತ್ತು 0.50 ಮಿ.ಮೀ. ದೊಡ್ಡದು. ಅಂದರೆ ಹೊಸ ಬ್ಲಾಕ್‌ಗೆ ಎರಡು ಸಲ ಬೋರ್ ಮಾಡಿಸುವ ಅವಕಾಶ ಇರುತ್ತದೆ, ಅಷ್ಟೇ. ಸಿಲ್ವರ್ ಬ್ಲಾಕ್‌ನಲ್ಲಿ ಅದರಲ್ಲಿ ಒಂದೋ ಎರಡೋ ಆಗಲೇ ಮುಗಿದಿದೆ. ಯಾವುದು ಮುಗಿದಿದೆ ಎಂದು ಗುಜರಿಯವರಿಗೂ ಗೊತ್ತಿರುವುದಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಅವರು ಬೋರ್ ಮಾಡಿಸಿದ್ದು ಯಾವ ಪಿಸ್ಟನ್ ಅಳೆದು? ಈ ಎಂಜಿನ್‌ನಲ್ಲಿ ಪಿಸ್ಟನ್‌ಗೂ ಬೋರ್‌ಗೂ ಮಧ್ಯೆ ಕಂಪನಿ ಹೇಳುವ ಸಂದು 0.02ರಿಂದ 0.04 ಮಿ.ಮೀ. ತಲೆಕೂದಲಿಗಿಂತ ಕಡಿಮೆ. ಒಂದೇ ಸೆಟ್‌ನ ನಾಲ್ಕು ಪಿಸ್ಟನ್‌ಗಳಲ್ಲೇ ಮಿಲಿಮೀಟರಿನ ನೂರನೇ ಒಂದು ಭಾಗ ಆಚೀಚೆ ಇರಬಹುದು. ಅದಕ್ಕೇ ಪಿಸ್ಟನ್ ಕೈಯಲ್ಲಿ ಹಿಡಿದು, ಒಂದೊಂದನ್ನೂ ಮೈಕ್ರೋಮೀಟರಿನಲ್ಲಿ ಅಳೆದು, ಅದಕ್ಕೆ ತಕ್ಕ ಹಾಗೆ ಬೋರ್ ಮಾಡಬೇಕು. ಫೋರ್ಜ್ಡ್ (ಎರಕದ ಬದಲು ಬಡಿದು ಮಾಡಿದ) ಪಿಸ್ಟನ್ ಹಾಕುವುದಾದರೆ ಅದು ಬಿಸಿಯಲ್ಲಿ ಜಾಸ್ತಿ ಹಿಗ್ಗುತ್ತದೆ. ಸಂದು ಇನ್ನೂ ಜಾಸ್ತಿ ಬೇಕು, ಪಿಸ್ಟನ್ ಮಾಡಿದವರು ಕೊಡುವ ಲೆಕ್ಕವನ್ನೇ ಹಿಡಿಯಬೇಕು. ಪಿಸ್ಟನ್ ಇಲ್ಲದೆ ಮೊದಲೇ ಬೋರ್ ಮಾಡಿಟ್ಟ ಬ್ಲಾಕ್ ಅಂದರೆ ಅದು ಯಾರೋ ಅಂದಾಜಿನಲ್ಲಿ ಮಾಡಿದ ಕೆಲಸ. ಮನೆ ಓಡಾಟದ ಕಾರಿಗೆ ಹೇಗೋ ನಡೆದೀತು. ರೆಡ್‌ಲೈನ್‌ವರೆಗೆ, ಅಂದರೆ ಆರ್‌ಪಿಎಂನ ಕೊನೆ ಮಿತಿಯವರೆಗೆ, ಎಳೆಯುವ ಎಂಜಿನ್‌ಗೆ ನಡೆಯುವುದಿಲ್ಲ.

ಪೇಂಟ್ ವಿಷಯ. ಅಲ್ಯೂಮಿನಿಯಂ ಬ್ಲಾಕ್‌ಗೆ ಸಿಲ್ವರ್ ಪೇಂಟ್ ಹೊಡೆಯುವ ಅಗತ್ಯವೇ ಇಲ್ಲ. ಪೇಂಟ್ ಕೆಳಗೆ ಆರ್ಗನ್ ವೆಲ್ಡಿಂಗ್ ಇರಬಹುದು. ನಿಮ್ಮ ಬ್ಲಾಕ್‌ಗೆ ಆದ ಹಾಗೆಯೇ ರಾಡ್ ಬಡಿದು ಪಕ್ಕೆ ತೂತಾದ ಬ್ಲಾಕನ್ನು ಬೆಸುಗೆ ಹಾಕಿ, ಉಜ್ಜಿ, ಬಣ್ಣ ಹೊಡೆದು ಮಾರುವುದುಂಟು. ಈ ಮಾರಾಟಗಾರರು ಹಾಗೆ ಮಾಡಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಆದರೆ ಪೇಂಟ್ ಇದ್ದರೆ ನಮಗೆ ಕಾಣುವುದಿಲ್ಲ. ಕಾಣದ್ದಕ್ಕೆ ದುಡ್ಡು ಕೊಡಬಾರದು.

ಈಗ ಕೊಳಕು ಎಂಜಿನ್‌ಗೆ ಬರೋಣ. ಅದು ಬಿಚ್ಚದ ಎಂಜಿನ್ ಆದ್ದರಿಂದ ತನ್ನ ಹಿಂದಿನ ಕಥೆಯನ್ನು ಹೊತ್ತುಕೊಂಡಿರುತ್ತದೆ. ಆ ಕಥೆಯಲ್ಲಿ ನೀವು ಹುಡುಕಬೇಕಾದದ್ದು ಮುಖ್ಯವಾಗಿ ಒಂದೇ: ಈ ಎಂಜಿನ್ ಯಾವಾಗಲಾದರೂ ಓವರ್‌ಹೀಟ್ ಆಗಿತ್ತಾ?

ಇದನ್ನು ಒತ್ತಿ ಹೇಳಲು ಕಾರಣವಿದೆ. ಈ ಬ್ಲಾಕ್‌ನ ಮೈ ಅಲ್ಯೂಮಿನಿಯಂ, ಸಿಲಿಂಡರ್‌ಗಳ ಒಳಗೋಡೆ ಬೀಡು ಕಬ್ಬಿಣದ ಲೈನರ್. ಎರಕ ಹೊಯ್ಯುವಾಗಲೇ ಲೈನರ್‌ಗಳನ್ನು ಒಳಗೆ ಕೂರಿಸಿರುತ್ತಾರೆ. ಬಿಸಿಯಾದಾಗ ಅಲ್ಯೂಮಿನಿಯಂ ಬೀಡು ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಮಾಮೂಲಿ ಬಿಸಿಯಲ್ಲಿ ಇದರಿಂದ ಏನೂ ಆಗುವುದಿಲ್ಲ. ನೀರಿಲ್ಲದೆ ಓಡಿಸಿದಾಗ ಮಾತ್ರ ಮೇಲ್ಮೈ ಸೊಟ್ಟಗಾಗುತ್ತದೆ, ಲೈನರ್ ಗುಂಡಗೆ ಉಳಿಯುವುದಿಲ್ಲ. ಅಲ್ಯೂಮಿನಿಯಂ ತನ್ನ ಗಡಸುತನವನ್ನೂ ಕಳೆದುಕೊಳ್ಳುತ್ತದೆ. ಸೊಟ್ಟಗಾದದ್ದನ್ನು ಫೇಸಿಂಗ್ ಮಾಡಿ ಸರಿ ಮಾಡಬಹುದು. ಮೆತ್ತಗಾದ ಲೋಹವನ್ನು ಲೇತ್ ಶಾಪಿನಲ್ಲಿ ಯಾರೂ ಮತ್ತೆ ಗಟ್ಟಿ ಮಾಡಿಕೊಡಲಾರರು. ಅಂಥ ಬ್ಲಾಕ್‌ನಲ್ಲಿ ಹೆಡ್‌ನ (ಬ್ಲಾಕ್ ಮೇಲೆ ಕೂರುವ, ವಾಲ್ವ್‌ಗಳಿರುವ ಭಾಗ) ಬೋಲ್ಟ್ ಬಿಗಿ ಮಾಡುವಾಗ ತ್ರೆಡ್ ಕಿತ್ತು ಬರುತ್ತದೆ. ಸ್ಪರ್ಧೆಗಾಗಿ ನೀವು ಕಂಪ್ರೆಶನ್ (ಸಿಲಿಂಡರ್‌ನಲ್ಲಿ ಗಾಳಿ-ಪೆಟ್ರೋಲನ್ನು ಒತ್ತುವ ಪ್ರಮಾಣ) ಏರಿಸುವವರು. ಹೆಡ್ ಮೇಲೆ ಬೀಳುವ ಒತ್ತಡ ಮೊದಲಿಗಿಂತ ಜಾಸ್ತಿಯೇ ಆಗುತ್ತದೆ.

ಹೇಗೆ ಪತ್ತೆ ಮಾಡುವುದು? ಮೊದಲು ಥರ್ಮೋಸ್ಟಾಟ್ (ಬಿಸಿ ನೋಡಿ ನೀರಿನ ಹರಿವು ನಿಯಂತ್ರಿಸುವ ಭಾಗ) ಹೌಸಿಂಗ್ ಬಿಚ್ಚಿಸಿ. ಒಳಗೆ ಥರ್ಮೋಸ್ಟಾಟ್ ಇಲ್ಲದಿದ್ದರೆ ಅನುಮಾನ ಪಡಿ. ನಮ್ಮಲ್ಲಿ ಗಾಡಿ ಬಿಸಿಯಾಗುತ್ತಿದೆ ಎಂದರೆ ಎಷ್ಟೋ ಮೆಕ್ಯಾನಿಕ್‌ಗಳು ಮೊದಲು ಮಾಡುವ ಕೆಲಸ ಅದನ್ನು ಕಿತ್ತು ಬಿಸಾಡುವುದು. ಅಂದರೆ ಆ ಎಂಜಿನ್ ಬಿಸಿಯಾಗುತ್ತಿತ್ತು ಎಂಬುದಕ್ಕೆ ಅದೊಂದು ಸಾಕ್ಷಿ. ಆಮೇಲೆ ವಾಟರ್ ಪಂಪ್ ತೆಗೆಸಿ ಟಾರ್ಚ್ ಹಾಕಿ ಒಳಗೆ ನೋಡಿ. ಕೂಲಂಟ್ ಹಾಕಿ ನೋಡಿಕೊಂಡ ಎಂಜಿನ್ ಒಳಗೆ ಲೋಹ ಸ್ವಚ್ಛವಾಗಿರುತ್ತದೆ. ಬರೀ ಬೋರ್‌ವೆಲ್ ನೀರು ಹಾಕಿ ಓಡಿಸಿದ್ದರೆ ಬಿಳಿ ಪೊರೆ ಕಟ್ಟಿರುತ್ತದೆ, ಅಲ್ಯೂಮಿನಿಯಂ ಅಲ್ಲಲ್ಲಿ ಗುಳಿ ಬಿದ್ದು ತಿಂದುಹೋಗಿರುತ್ತದೆ. ನಮ್ಮ ಬಯಲುಸೀಮೆಯ ಗಡಸು ನೀರಿನಲ್ಲಿ ಓಡಿದ ಎಂಜಿನ್‌ಗಳಲ್ಲಿ ಇದು ತುಂಬಾ ಸಾಮಾನ್ಯ. ಹೆಡ್ ತೆಗೆದಾಗ ನೀರಿನ ತೂತುಗಳ ಅಂಚು ನೋಡಿ. ಆ ಗುಳಿ ಹೆಡ್ ಗ್ಯಾಸ್ಕೆಟ್‌ನ ಉಂಗುರದ ಹತ್ತಿರಕ್ಕೆ ಬಂದಿದ್ದರೆ ಬ್ಲಾಕ್ ಬಿಡಿ.

ಹೆಡ್ ಅನ್ನು ಅಲ್ಲೇ, ನಿಮ್ಮ ಎದುರೇ ತೆಗೆಸಬೇಕು. ಒಪ್ಪದಿದ್ದರೆ ಆ ವ್ಯಾಪಾರವೇ ಬೇಡ. ತೆಗೆದ ಮೇಲೆ ಹಳೆ ಗ್ಯಾಸ್ಕೆಟ್ ಅನ್ನು ಎಸೆಯಲು ಬಿಡಬೇಡಿ, ಬೆಳಕಿಗೆ ಹಿಡಿದು ನೋಡಿ. 2 ಮತ್ತು 3ನೇ ಸಿಲಿಂಡರ್ ಮಧ್ಯೆ ಕಪ್ಪು ಗೆರೆ ದಾಟಿದ್ದರೆ ಅಲ್ಲಿ ಗ್ಯಾಸ್ ಸೋರಿದೆ. ಗ್ಯಾಸ್ಕೆಟ್ ಸುತ್ತ ಅನಬಾಂಡ್ ಥರದ ಸಿಲಿಕೋನ್ ಮೆತ್ತಿದ್ದರೆ ಹಿಂದೆ ಯಾರೋ ಅರೆಬರೆ ಕೆಲಸ ಮಾಡಿದ್ದಾರೆ ಎಂದರ್ಥ. ಪಿಸ್ಟನ್ ತಲೆ ಒರೆಸಿ ನೋಡಿ. 0.25 ಅಥವಾ 0.50 ಎಂದು ಕೊರೆದಿದ್ದರೆ ಅದು ಆಗಲೇ ಬೋರ್ ಆದ ಎಂಜಿನ್. ಅಂಥ ಗುರುತೇನೂ ಇಲ್ಲದಿದ್ದರೆ ಒಳ್ಳೆ ಸೂಚನೆ, ಬೋರ್ ಗೇಜ್ ಅದನ್ನು ಖಚಿತ ಮಾಡುತ್ತದೆ. ಸಿಲಿಂಡರ್ ಮೇಲ್ಭಾಗದಲ್ಲಿ, ರಿಂಗ್ ತಿರುಗಿ ಇಳಿಯುವ ಜಾಗದಲ್ಲಿ, ಉಗುರಿನಿಂದ ಕೆರೆದು ನೋಡಿ. ಉಗುರು ಜೋರಾಗಿ ತಡೆದರೆ ಸವೆತ ಜಾಸ್ತಿ ಇದೆ.

ಸ್ಲೀವ್ ಹಾಕಿದ (ಸವೆದ ಸಿಲಿಂಡರ್ ಒಳಗೆ ಹೊಸ ಕೊಳವೆ ಕೂರಿಸಿದ) ಬ್ಲಾಕ್ ಆದರೆ ಮೇಲ್ಮೈಯಲ್ಲಿ ಲೈನರ್ ಸುತ್ತ ಇನ್ನೊಂದು ತೆಳು ಉಂಗುರ ಕಾಣುತ್ತದೆ. ಒಂದೇ ಸಿಲಿಂಡರ್‌ಗೆ ಹಾಗೆ ಹಾಕಿದ್ದರೆ ಖಂಡಿತ ಬೇಡ. ಅದರ ಬಿಸಿ ಹರಿಯುವ ರೀತಿಯೇ ಪಕ್ಕದ ಸಿಲಿಂಡರ್‌ಗಳಿಗಿಂತ ಬೇರೆಯಾಗಿರುತ್ತದೆ.

ಇದು ಆಕ್ಸಿಡೆಂಟ್ ಎಂಜಿನ್ ಎಂದಿದ್ದೀರಿ. ಅದೇ ಒಂದು ರೀತಿಯಲ್ಲಿ ಒಳ್ಳೆಯದು, ಏಕೆಂದರೆ ಓಡುತ್ತಿದ್ದ ಎಂಜಿನ್ ಅದು, ಕೆಟ್ಟು ಬಿಚ್ಚಿದ್ದಲ್ಲ. ಆದರೆ ಪೆಟ್ಟು ಎಲ್ಲಿ ಬಿದ್ದಿದೆ ಎಂದು ತಿಳಿಯಬೇಕು. ಎಂಜಿನ್ ಮೌಂಟ್ ಕೂರುವ ಉಬ್ಬುಗಳ ಬುಡದಲ್ಲಿ ಕೂದಲೆಳೆಯ ಬಿರುಕು ಇರಬಹುದು, ವೈರ್ ಬ್ರಶ್‌ನಿಂದ ಉಜ್ಜಿ ನೋಡಿ. ಕ್ರ್ಯಾಂಕ್‌ನ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್) ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ. ಅದು ಅಲುಗಾಡುತ್ತಾ ತಿರುಗಿದರೆ ಕ್ರ್ಯಾಂಕ್‌ನ ಮೂತಿ ಬಾಗಿರಬಹುದು. ಗೇರ್‌ಬಾಕ್ಸ್ ಕೂರುವ ಮುಖವನ್ನೂ ಮರೆಯಬೇಡಿ.

ಕೆಳಭಾಗದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಬ್ಲಾಕ್ ಅಂದರೆ ಎಲ್ಲರೂ ಸಿಲಿಂಡರ್ ನೋಡುತ್ತಾರೆ. ನಾನು ಮೊದಲು ನೋಡುವುದು ಮೇನ್ ಬೇರಿಂಗ್ ಕೂರುವ ಸಾಲನ್ನು. ಕ್ರ್ಯಾಂಕ್ ಹಿಡಿಯುವ ಐದು ಕ್ಯಾಪ್‌ಗಳನ್ನು ಕಂಪನಿಯಲ್ಲಿ ಬ್ಲಾಕ್‌ಗೆ ಬಿಗಿದು, ಎರಡನ್ನೂ ಸೇರಿಸಿ ಒಂದೇ ಸಲ ಕೊರೆದಿರುತ್ತಾರೆ. ಆ ಕ್ಯಾಪ್ ಆ ಬ್ಲಾಕ್‌ಗೆ, ಅದೇ ಜಾಗಕ್ಕೆ ಮಾತ್ರ. ಬೇರೆ ಬ್ಲಾಕ್‌ನ ಕ್ಯಾಪ್ ಹಾಕಿದರೆ ಬೇರಿಂಗ್ ಕೂರುವ ಜಾಗ ಗುಂಡಗೆ ಉಳಿಯುವುದಿಲ್ಲ, ಹೆಚ್ಚು ಆರ್‌ಪಿಎಂನಲ್ಲಿ ಮೊದಲು ಹೋಗುವುದು ಅದೇ. ಕ್ಯಾಪ್ ಮೇಲೆ ನಂಬರ್ ಮತ್ತು ಬಾಣದ ಗುರುತು ಇರುತ್ತದೆ, ಬಾಣ ಪುಲ್ಲಿ ಕಡೆ ನೋಡಬೇಕು. ಆ ಸಿಲ್ವರ್ ಬ್ಲಾಕ್ ಜೊತೆ ಕೊಡುವ ಕ್ಯಾಪ್‌ಗಳು ಅದರದ್ದೇನಾ? ಹೇಳಲು ದಾರಿಯೇ ಇಲ್ಲ. ಇಡೀ ಎಂಜಿನ್ ಕೊಂಡರೆ ಆ ಪ್ರಶ್ನೆಯೇ ಇಲ್ಲ, ಅಲ್ವಾ?

ಇನ್ನೊಂದು ಲಾಭವಿದೆ. ಈ ಸುಜುಕಿ ಎಂಜಿನ್‌ಗಳಲ್ಲಿ ಮೇನ್ ಬೇರಿಂಗ್ ಒಂದೇ ದಪ್ಪದ್ದಲ್ಲ. ಬ್ಲಾಕ್ ಮೇಲೆ ಕೊರೆದ ಗುರುತು, ಕ್ರ್ಯಾಂಕ್ ಮೇಲೆ ಕೊರೆದ ಅಂಕಿ ಎರಡನ್ನೂ ನೋಡಿ, ಬಣ್ಣದ ಗುರುತಿರುವ ಬೇರಿಂಗ್ ಆರಿಸಬೇಕು. ಗುರುತುಗಳನ್ನು ಉಜ್ಜಿ ಹಾಕಿದ ಬ್ಲಾಕ್‌ಗೆ ಪ್ರತಿ ಸಾಲನ್ನೂ ಅಳೆದೇ ಲೆಕ್ಕ ಹಾಕಬೇಕಾಗುತ್ತದೆ. ಹಾಗಾಗಿ ಆಯಿಲ್ ಚೇಂಬರ್ ಬಿಚ್ಚಿದಾಗ ಆ ಗುರುತುಗಳ ಫೋಟೋ ತೆಗೆದುಕೊಳ್ಳಿ. ಜೊತೆಗೆ ಚೇಂಬರ್ ತಳದ ಎಣ್ಣೆಯನ್ನು ಬೆರಳಲ್ಲಿ ಉಜ್ಜಿ ನೋಡಿ. ಮಿನುಗುವ ಲೋಹದ ಪುಡಿ ಸಿಕ್ಕಿದರೆ ಬೇರಿಂಗ್ ಹೋಗಿದೆ. ಬೇರಿಂಗ್ ಕೂರುವ ಜಾಗ ಉಜ್ಜಿ ಗೀರುಬಿದ್ದಿದ್ದರೆ ಬೇರಿಂಗ್ ಅಲ್ಲೇ ತಿರುಗಿಬಿಟ್ಟಿದೆ. ಅದನ್ನು ಸರಿಮಾಡಲು ಲೈನ್ ಬೋರಿಂಗ್, ಅಂದರೆ ಆ ಸಾಲನ್ನೆಲ್ಲ ಮತ್ತೆ ಒಟ್ಟಿಗೆ ಕೊರೆಯುವ ಕೆಲಸ, ಆಗಬೇಕು. ಅದಕ್ಕೆ ಖರ್ಚು ಮಾಡುವ ಬದಲು ಬೇರೆ ಬ್ಲಾಕ್ ಹುಡುಕಿ.

ಇಷ್ಟೂ ಗುಜರಿಯಲ್ಲೇ ಆಗುವ ಕೆಲಸ. ಟಾರ್ಚ್, ವೈರ್ ಬ್ರಶ್, ನೇರವಾದ ಸ್ಟೀಲ್ ಪಟ್ಟಿ, ಫೀಲರ್ ಗೇಜ್, ಒಂದು ಹೊಸ ಹೆಡ್ ಗ್ಯಾಸ್ಕೆಟ್ ತೆಗೆದುಕೊಂಡು ಹೋಗಿ. ಗ್ಯಾಸ್ಕೆಟ್ ಯಾಕೆಂದರೆ, ನಿಮ್ಮ ಹೆಡ್‌ನದ್ದನ್ನು ಈ ಬ್ಲಾಕ್ ಮೇಲಿಟ್ಟಾಗ ನೀರು, ಎಣ್ಣೆಯ ಪ್ರತಿ ತೂತೂ ಹೊಂದಬೇಕು. 

ಬೋರ್ ಅಳತೆಯನ್ನು ಮಾತ್ರ ಅಲ್ಲಿ ಮಾಡಲು ಹೋಗಬೇಡಿ. ವರ್ನಿಯರ್‌ನಲ್ಲಿ ಬೋರ್ ಅಳೆದರೆ ಏನೂ ತಿಳಿಯುವುದಿಲ್ಲ. ಅಡ್ವಾನ್ಸ್ ಕೊಟ್ಟು, ಅಳತೆ ಸರಿ ಬರದಿದ್ದರೆ ವಾಪಸ್ ಎಂದು ಬಿಲ್ ಮೇಲೆ ಬರೆಸಿಕೊಂಡು, ಬ್ಲಾಕನ್ನು ಒಳ್ಳೆ ರೀಬೋರಿಂಗ್ ಶಾಪಿಗೆ ಒಯ್ಯಿರಿ. ಪ್ರತಿ ಸಿಲಿಂಡರ್‌ನಲ್ಲಿ ಮೇಲೆ, ಮಧ್ಯೆ, ಕೆಳಗೆ, ಕ್ರ್ಯಾಂಕ್‌ನ ಉದ್ದಕ್ಕೂ ಅಡ್ಡಕ್ಕೂ ಅಳೆಯಬೇಕು. ಒಟ್ಟು 24 ಅಳತೆ. ಅಡ್ಡದ ಅಳತೆಯಲ್ಲಿ ಸವೆತ ಜಾಸ್ತಿ ಬರುವುದು ಸಹಜ, ಪಿಸ್ಟನ್ ಪಕ್ಕಕ್ಕೆ ಒತ್ತುವುದು ಆ ದಿಕ್ಕಿಗೇ. ಒಂದು ಸಿಲಿಂಡರ್‌ನೊಳಗಿನ ವ್ಯತ್ಯಾಸಕ್ಕೆ ಕಂಪನಿಯ ಮಿತಿ 0.10 ಮಿ.ಮೀ. ಅದರೊಳಗೆ ಇದ್ದರೆ 0.25 ಓವರ್‌ಸೈಜ್‌ನಲ್ಲಿ ಎಲ್ಲ ಕಡೆ ಹೊಸ ಲೋಹ ಸಿಗುತ್ತದೆ, ಮುಂದಿನ ಸಲಕ್ಕೆ 0.50 ಉಳಿದಿರುತ್ತದೆ. ನಾನಾದರೆ ಸ್ಟ್ಯಾಂಡರ್ಡ್ ಬೋರನ್ನು ಸುಮ್ನೆ ಹೋನ್ ಮಾಡಿ ಹೊಸ ರಿಂಗ್ ಹಾಕಿ ಬಿಡುವುದಿಲ್ಲ. ಸ್ಪರ್ಧೆಯ ಎಂಜಿನ್‌ಗೆ ರಿಂಗ್ ಚೆನ್ನಾಗಿ ಕೂರುವುದೇ ಅರ್ಧ ಪವರ್.

ಮೇಲ್ಮೈ ಸೊಟ್ಟ 0.05 ಮಿ.ಮೀ. ಒಳಗಿದ್ದರೆ ನನಗೆ ತೃಪ್ತಿ. ಸ್ವಲ್ಪ ಜಾಸ್ತಿ ಇದ್ದರೆ ಫೇಸಿಂಗ್ ಮಾಡಿಸಬಹುದು, ಆದರೆ ಲೆಕ್ಕ ಇಟ್ಟುಕೊಳ್ಳಿ. 74 ಮಿ.ಮೀ. ಬೋರ್‌ನಲ್ಲಿ 0.1 ಮಿ.ಮೀ. ತೆಗೆದರೆ ಸಿಲಿಂಡರ್‌ಗೆ 0.43 ಸಿಸಿ ಜಾಗ ಕಡಿಮೆಯಾಗುತ್ತದೆ. 9:1 ಕಂಪ್ರೆಶನ್ ಇರುವ ಎಂಜಿನ್‌ನಲ್ಲಿ 0.2 ಮಿ.ಮೀ. ತೆಗೆದರೆ ಅದು ಸುಮಾರು 9.2 ಆಗುತ್ತದೆ. ನೀವು ಹೆಡ್ ಕೂಡ ಫೇಸಿಂಗ್ ಮಾಡಿಸುವ ಯೋಚನೆಯಲ್ಲಿದ್ದರೆ ಎರಡನ್ನೂ ಸೇರಿಸಿ ಲೆಕ್ಕ ಹಾಕಬೇಕು. ಪಿಸ್ಟನ್‌ಗೂ ವಾಲ್ವ್‌ಗೂ ಮಧ್ಯದ ಜಾಗ ಅಷ್ಟೇ ಕಡಿಮೆಯಾಗುತ್ತದೆ ಎಂಬುದೂ ನೆನಪಿರಲಿ.

ಬಿರುಕು ಹುಡುಕಲು ಅಯಸ್ಕಾಂತದ ಪರೀಕ್ಷೆ ಅಲ್ಯೂಮಿನಿಯಂ ಮೇಲೆ ನಡೆಯುವುದಿಲ್ಲ. ಡೈ ಪೆನೆಟ್ರೆಂಟ್ ಕೇಳಿ: ಕೆಂಪು ದ್ರವ ಬಳಿದು, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿದರೆ ಬಿರುಕಿದ್ದ ಕಡೆ ಕೆಂಪು ಗೆರೆ ಮೂಡುತ್ತದೆ. ಮೇನ್ ಬೇರಿಂಗ್ ಗೋಡೆಗಳು, ಮೌಂಟ್ ಉಬ್ಬುಗಳು, ಹೆಡ್ ಬೋಲ್ಟ್ ತೂತುಗಳ ಸುತ್ತ ಮಾಡಿಸಿದರೆ ಸಾಕು. ನೀರಿನ ದಾರಿಗೆ ಪ್ರೆಶರ್ ಟೆಸ್ಟ್ ಬೇರೆ ಆಗಬೇಕು. ಹೆಡ್ ಬೋಲ್ಟ್‌ನ ಪ್ರತಿ ತೂತಿಗೂ ಬೋಲ್ಟನ್ನು ಕೈಯಲ್ಲೇ ತಿರುಗಿಸಿ ನೋಡಿ. ಒಂದೆರಡು ಕಡೆ ಸರಿಯಾಗಿ ಹೆಲಿಕಾಯಿಲ್ ಹಾಕಿದ್ದರೆ ನನ್ನ ಅಭ್ಯಂತರವಿಲ್ಲ. ನೆಟ್ಟಗೆ ಕೊರೆದು ಹಾಕಿದ ಸ್ಟೀಲ್ ತ್ರೆಡ್ ಅಲ್ಯೂಮಿನಿಯಂಗಿಂತ ಗಟ್ಟಿ. ಎಲ್ಲ ತೂತುಗಳಲ್ಲೂ ತ್ರೆಡ್ ಸಡಿಲವಾಗಿದ್ದರೆ ಮಾತ್ರ ಆ ಬ್ಲಾಕ್ ಸುಟ್ಟಿದೆ ಎಂದೇ ತಿಳಿಯಿರಿ.

ಅದೇ ಶಾಪಿನಲ್ಲಿ ಟಾರ್ಕ್ ಪ್ಲೇಟ್ ಇದೆಯೇ ಎಂದು ಕೇಳಿ. ಹೆಡ್ ಬಿಗಿದಾಗ ಬೋರ್‌ಗಳು ಸ್ವಲ್ಪ ಆಕಾರ ಬದಲಿಸುತ್ತವೆ. ಹೆಡ್ ಬದಲು ಒಂದು ದಪ್ಪ ಪ್ಲೇಟನ್ನು ಅಷ್ಟೇ ಬಿಗಿಯಾಗಿ ಕೂರಿಸಿ ಹೋನ್ ಮಾಡಿದರೆ ಹೆಡ್ ಕೂತ ಮೇಲೂ ಬೋರ್ ಗುಂಡಗೆ ಇರುತ್ತದೆ. ಪ್ಲೇಟ್ ಇಲ್ಲದಿದ್ದರೆ ಮಾಡಿಸಿಕೊಳ್ಳಬಹುದು. ನಾಲ್ಕಾರು ಜನ ಗೆಳೆಯರು ಇದೇ ಎಂಜಿನ್ ಇಟ್ಟುಕೊಂಡಿದ್ದರೆ ಖರ್ಚು ಹಂಚಿಕೊಳ್ಳಿ.

ಇನ್ನು 75 ಮಿ.ಮೀ. ಬೋರ್. ಲೆಕ್ಕ ಹಾಕಿ ನೋಡಿ. ಈಗ ನಿಮ್ಮದು 1298 ಸಿಸಿ. 74.5 ಮಾಡಿದರೆ 1316, 75 ಮಾಡಿದರೆ 1334. ಲೈನರ್‌ನ ಗೋಡೆಯಿಂದ ಅರ್ಧ ಮಿಲಿಮೀಟರ್ ಕಳೆದುಕೊಂಡು ಸಿಕ್ಕಿದ್ದು 36 ಸಿಸಿ, ನೂರಕ್ಕೆ ಮೂರು ಕೂಡ ಇಲ್ಲ. ಹೆಡ್‌ನ ಪೋರ್ಟ್ ಕೆಲಸ, ಕ್ಯಾಮ್, ಕಂಪ್ರೆಶನ್ ಇವುಗಳಿಂದ ಅದಕ್ಕಿಂತ ಎಷ್ಟೋ ಜಾಸ್ತಿ ಸಿಗುತ್ತದೆ. ತೆಳು ಗೋಡೆ ಬಿಸಿಯಲ್ಲಿ ಗುಂಡಗೆ ನಿಲ್ಲುವುದಿಲ್ಲ, ಆಗ ರಿಂಗ್ ಸೋರಿ ಗಳಿಸಿದ್ದೂ ಹೋಗುತ್ತದೆ. ಇನ್ನೊಂದು ಎಚ್ಚರಿಕೆ: ನೀವು ಸ್ಪರ್ಧಿಸುವ ಕ್ಲಾಸ್‌ಗೆ 1300 ಸಿಸಿ ಮಿತಿ ಇದ್ದರೆ 0.25 ಓವರ್‌ಸೈಜ್‌ನಲ್ಲೇ ನೀವು ಸುಮಾರು 1307 ಸಿಸಿ ಆಗುತ್ತೀರಿ. ಬೋರ್ ಮಾಡಿಸುವ ಮೊದಲು ಆ ಸ್ಪರ್ಧೆಯ ನಿಯಮ ಓದಿ, ಓವರ್‌ಸೈಜ್‌ಗೆ ರಿಯಾಯಿತಿ ಇದೆಯೇ ಎಂದು ಬರವಣಿಗೆಯಲ್ಲಿ ಕೇಳಿ.

ಬಲೆನೊ ಎಂಜಿನ್ ಒಳ್ಳೆಯದೇ. ಬೋರ್ 75, ಸ್ಟ್ರೋಕ್ 90, 1590 ಸಿಸಿ. ಜಿಪ್ಸಿಗೆ ಹಾಕಿಕೊಂಡು ಕಾಡು ಗುಡ್ಡ ಹತ್ತುವವರು ಅದನ್ನು ಮೆಚ್ಚುತ್ತಾರೆ, ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಚೆನ್ನಾಗಿದೆ. ನಿಮಗೆ ಬೇಕಾದದ್ದು ಮೇಲಿನ ಆರ್‌ಪಿಎಂ. 7000 ಆರ್‌ಪಿಎಂನಲ್ಲಿ ನಿಮ್ಮ ಪಿಸ್ಟನ್‌ನ ಸರಾಸರಿ ವೇಗ ಸೆಕೆಂಡಿಗೆ 17.6 ಮೀಟರ್, ಬಲೆನೊದ್ದು 21 ಮೀಟರ್. ನಿಮ್ಮ ಎಂಜಿನ್ 7000ದಲ್ಲಿ ಅನುಭವಿಸುವ ಪಿಸ್ಟನ್ ವೇಗವನ್ನು ಅದು 5900ಕ್ಕೂ ಮೊದಲೇ ಮುಟ್ಟುತ್ತದೆ. ರಾಡ್ ಮುರಿದು ಒಂದು ಬ್ಲಾಕ್ ಕಳೆದುಕೊಂಡಿರುವ ನಿಮಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಬ್ಲಾಕ್‌ನ ಎತ್ತರವೂ ಬೇರೆ, ಮೌಂಟ್‌ನಿಂದ ಬಾನೆಟ್‌ವರೆಗೆ ಎಲ್ಲ ಹೊಸದಾಗಿ ಹೊಂದಿಸಬೇಕು. ಸಿಸಿ ಬದಲಾಗುವುದರಿಂದ ಕ್ಲಾಸ್ ಕೂಡ ಬದಲಾಗುತ್ತದೆ.

ಕೊನೆಯದಾಗಿ ಕಾಗದಪತ್ರ. ಇದನ್ನು ಹುಡುಗರು ಹಗುರವಾಗಿ ತೆಗೆದುಕೊಳ್ಳುವುದು ನೋಡಿದರೆ ನನಗೆ ಆತಂಕವಾಗುತ್ತದೆ. ಎಂಜಿನ್ ನಂಬರ್ ಕೊರೆದಿರುವುದು ಬ್ಲಾಕ್ ಮೇಲೆ. ಬ್ಲಾಕ್ ಬದಲಾದರೆ ನಿಮ್ಮ ಆರ್‌ಸಿಯಲ್ಲಿರುವ ನಂಬರ್ ಹೊಂದುವುದಿಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಇಂಥ ಬದಲಾವಣೆ ಆರ್‌ಟಿಒ ದಾಖಲೆಗೆ ಬರಬೇಕು. ರಸ್ತೆಯಲ್ಲಿ ಏನಾದರೂ ಆದಾಗ ವಿಮೆಯವರು ಮೊದಲು ನೋಡುವ ವಿಷಯಗಳಲ್ಲಿ ಇದೂ ಒಂದು. ಆ ಆಕ್ಸಿಡೆಂಟ್ ಕಾರಿನ ಆರ್‌ಸಿ ಪ್ರತಿ, ಎಂಜಿನ್ ನಂಬರ್ ನಮೂದಿಸಿದ ಬಿಲ್, ಎರಡೂ ಬೇಕು. ನಂಬರ್ ಜಾಗದಲ್ಲಿ ಗ್ರೈಂಡರ್ ಆಡಿಸಿದ ಗುರುತಿದ್ದರೆ ಅದು ಕದ್ದ ಗಾಡಿಯದ್ದಿರಬಹುದು. ಎಷ್ಟೇ ಒಳ್ಳೆ ಬ್ಲಾಕ್ ಆಗಿರಲಿ, ಮುಟ್ಟಬೇಡಿ. ನಿಮ್ಮ ಒಡೆದ ಬ್ಲಾಕನ್ನು ಆರ್‌ಟಿಒ ಕೆಲಸ ಮುಗಿಯುವವರೆಗೆ ಗುಜರಿಗೆ ಹಾಕಬೇಡಿ, ಹಳೆ ನಂಬರ್ ತೋರಿಸಬೇಕಾಗಬಹುದು.

ಈಗಲೇ ಪಿಸ್ಟನ್ ಆರ್ಡರ್ ಮಾಡಬೇಡಿ. ಅಡ್ವಾನ್ಸ್ ಕೊಟ್ಟು ಅಳತೆ ಮಾಡಿಸಿ, ಆ 24 ಅಂಕಿಗಳ ಚೀಟಿ, ಮೇನ್ ಬೇರಿಂಗ್ ಗುರುತುಗಳ ಫೋಟೋ, ಹಳೆ ಗ್ಯಾಸ್ಕೆಟ್‌ನ ಫೋಟೋ ಕಳಿಸಿ. ಸ್ಪರ್ಧೆಯ ಕ್ಲಾಸ್ ಯಾವುದೆಂದೂ ಬರೆಯಿರಿ. ಯಾವ ಓವರ್‌ಸೈಜ್, ಎಷ್ಟು ಸಂದು ಎಂದು ಆಮೇಲೆ ಕೂತು ಲೆಕ್ಕ ಹಾಕೋಣ.